ಎಣ್ಣೆ ಹಚ್ಚುವ ಹಬ್ಬ

ಸೆಪ್ಟೆಂಬರ್ 8, ಸೋಮವಾರ

ಇವತ್ತೂ ಬಾಚಣಿಕೆ ತುಂಬ ಕೂದಲು ಬಂತು. ಉಂಡೆ ಮಾಡಿ, ಪೇಪರಿನಲ್ಲಿ ಸುತ್ತಿ, ನೀರೊಲೆಗೆ ಹಾಕಿದೆ. ಸುಟ್ಟ ವಾಸನೆ ಮನೆ ತುಂಬ. ಅತ್ತೆ ಹಿತ್ತಲಿಂದಲೇ ಕೇಳಿದರು, "ಏನ ಸುಡಾಕತ್ತೀ ಉಜ್ವಲಾ?"

"ಜ್ಯಾಡರ ಬಲಿರಿ" ಅಂದೆ. ಈಚೆಗೆ ನನ್ನ ತಲೆಯಲ್ಲಿ ಸುಳ್ಳು ಮಾತ್ರ ದಟ್ಟವಾಗಿ ಬೆಳೆಯುತ್ತಿದೆ.

ಹೋದ ವರ್ಷ ಚಿಕೂನ್‌ಗುನ್ಯಾ ಬಂದು ಹೋಯಿತು. ಕೀಲು ನೋವು ಹೋಯಿತು, ಕೂದಲೂ ಹೋಗತೊಡಗಿತು. ನೋವು ಮರಳಿ ಬರಲಿಲ್ಲ, ಪುಣ್ಯ. ಕೂದಲೂ ಬರಲಿಲ್ಲ. ಬೈತಲೆ ಈಗ ಬಂಡಿದಾರಿ ಆಗಿದೆ. ಉಳಿದದ್ದಕ್ಕೆ ಗಂಗಾವನ ಸೇರಿಸಿ ಹೆಣೆಯುತ್ತೇನೆ — ಮಿರಜಿನಲ್ಲಿ ಕೊಂಡ ಜಡೆ, ಯಾವ ಪುಣ್ಯಾತ್ಗಿತ್ತಿಯದೋ. ಅದರ ಮೇಲೆ ಸೆರಗು. ಐನಾಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಇಡೀ ದಿನ ತಲೆ ಮೇಲೆ ಸೆರಗು ಹೊರಬೇಕಲ್ಲ ಎಂದು ಎಷ್ಟು ಅತ್ತಿದ್ದೆ! ಈಗ ಆ ಸೆರಗೇ ದೇವರು.

ಸೆಪ್ಟೆಂಬರ್ 14, ರವಿವಾರ

ಉಳ್ಳಾಗಡ್ಡಿ ರಸ. ಯೂಟ್ಯೂಬಿನ ಪುಣೆ ಹೆಂಗಸು ಹೇಳಿದ್ದು. ಎರಡು ಸಲ ತೊಳೆದರೂ ನಾತ ಹೋಗಲಿಲ್ಲ. ಅಮೋಲ ಊಟಕ್ಕೆ ಕುಳಿತವನು, "ಇವತ್ತ ಭಜಿ ಮಾಡೀ ಏನ?" ಎಂದು ಮೂಗು ಅರಳಿಸಿದ. ಭಜಿ ಮಾಡಬೇಕಾಯಿತು.

(ಎದುರಿಗೆ "ರೀ". ಇಲ್ಲಿಯಾದರೂ ಗಂಡನನ್ನು ಹೆಸರು ಹಿಡಿದು ಬರೆಯುತ್ತೇನೆ. ಅಮೋಲ. ಅಮೋಲ.)

ಗರಗದ ಸೊಪ್ಪಿನ ಎಣ್ಣೆ ಆಯಿತು, ದಾಸವಾಳ ಆಯಿತು, ಮೆಂತೆ ರುಬ್ಬಿ ಮೆತ್ತಿದ್ದಾಯಿತು. ಸಂತೆಯಲ್ಲಿ ಒಬ್ಬ ಮಂಡಿವರೆಗೆ ಕೂದಲು ಬಿಟ್ಟ ಹೆಂಗಸಿನ ಫೋಟೊ ಅಂಟಿಸಿದ ಬಾಟಲಿ ಮಾರುತ್ತಿದ್ದ. ಮಾರುವವನ ತಲೆ ಬೋಳು. ಆದರೂ ಕೊಂಡೆ...

ಸಂಜೆ ಬಾಳಾಸಾಬ ಬಂದಿದ್ದ, ಅಮೋಲನ ಗೆಳೆಯ. ಚಹಾ ಒಯ್ಯಬೇಕೆಂದಿದ್ದೆ, ಒಳಗೆ ಮಾತು ಕೇಳಿ ನಿಂತೆ. ಅಮೋಲ ನನ್ನ ತವರು ಭೋಜದ ಹಳೇ ಪುರಾಣ ತೆಗೆದಿದ್ದ. "ಕನ್ಯಾ ನೋಡಾಕ ಭೋಜಕ್ಕ ಹೋದಾಗ ನಾ ಮಾರಿ ನೋಡೇ ಇಲ್ಲೋ. ನಮ್ಮವ್ವ ಜಡಿ ಬಿಚ್ಚಿಸಿ ನೋಡಿದ್ಲು. ನಾ ಅಲ್ಲೇ ಹೂಂ ಅಂದ್ನಿ!"

ಇಬ್ಬರೂ ನಕ್ಕರು. ಮೊದಲೆಲ್ಲ ಈ ಮಾತಿಗೆ ಒಳಗೊಳಗೇ ಉಬ್ಬುತ್ತಿದ್ದೆ. ಜಡೆ ನೋಡಿ ಹೂಂ ಅಂದವನು, ಜಡೆ ಇಲ್ಲದ್ದು ನೋಡಿದರೆ ಏನನ್ನುತ್ತಾನೆ? ಚಹಾ ಆರಿಹೋಗಿ ಮತ್ತೆ ಕಾಯಿಸಿದೆ.

ಸೆಪ್ಟೆಂಬರ್ 22

ಬೈಕಿನ ಮೇಲೆ ಕಾಗವಾಡಕ್ಕೆ. ಊರ ಹೊರಗೆ ಕಬ್ಬಿನ ಹೊಲ ಬಂದ ಕೂಡಲೇ ಅಮೋಲನ ಯಾವಾಗಿನ ಮಾತು: "ಊರ ದಾಟೇವಿ. ಸೆರಗ ಬಿಡ ಇನ್ನ, ಗಾಳಿ ತಗೋ."

ಮದುವೆಯಾದಾಗಿನಿಂದ ಅದು ನಮ್ಮಿಬ್ಬರದೇ ಆಟ. ಅವನು ಹೇಳುವುದು, ನಾನು ಸೆರಗು ಜಾರಿಸುವುದು, ಜಡೆ ಹಿಂದೆ ಹಾರಾಡುವುದು. ಇವತ್ತು ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

"ಯಾಕ, ಸಿಟ್ಟ ಬಂದೈತೇನ?"

"ಧೂಳ ಐತ್ರಿ."

ಮಳೆ ಬಂದು ಹೋದ ರಸ್ತೆ. ಧೂಳೆಲ್ಲಿಯದು? ಅವನು ಬೈಕಿನ ಕನ್ನಡಿಯಲ್ಲಿ ಒಮ್ಮೆ ನೋಡಿದ.

ದವಾಖಾನೆಗೆ ಹೋಗಬಾರದೇ ಎಂದರೆ — ಮಿರಜಿಗೆ ಹೋಗಬೇಕು, ಒಬ್ಬಳೇ ಕಳಿಸುವುದಿಲ್ಲ, ಅವನು ಬರುತ್ತಾನೆ. ಡಾಕ್ಟರ್ "ಸೆರಗು ತೆಗೀರಿ" ಅನ್ನುತ್ತಾರೆ. ಅವನು ಅಲ್ಲೇ ನಿಂತಿರುತ್ತಾನೆ.

ಅಕ್ಟೋಬರ್ 4, ಶನಿವಾರ

ಬಾವಿ ಕಡೆಯ ದ್ರಾಕ್ಷಿ ತೋಟ ಚಿಗುರಿದೆ. ಕಡ್ಡಿ ಸವರಿ ಛಾಟ್ನಿ ಮಾಡಿದಾಗ ಬರೀ ಒಣ ಕಡ್ಡಿ. ಕತ್ತರಿಸಿದ ಕಡ್ಡಿಗೆ ಚಿಗುರಿಸುವ ಔಷಧದ ಪೇಸ್ಟ್ ಹಚ್ಚಿ ಹತ್ತು ದಿನ ಆಗಿಲ್ಲ, ಕಣ್ಣು ಕಣ್ಣೂ ಒಡೆದು ಹಸಿರು! ವರ್ಷವೂ ನೋಡುತ್ತೇನೆ. ಈ ವರ್ಷ ಬೇರೆ ಥರ ನೋಡಿದೆ.

ಅತ್ತೆ ದೀಪಾವಳಿ ಮಾತು ತೆಗೆದರು. ನರಕ ಚತುರ್ದಶಿಯ ನಸುಕಿನಲ್ಲಿ ಈ ಮನೆಯಲ್ಲಿ ಎಲ್ಲರ ತಲೆಗೂ ಎಣ್ಣೆ ಹಚ್ಚುವುದು ಅತ್ತೆಯ ಕೈಯೇ. ಮಣೆ ಮೇಲೆ ಕುಳಿತು ತಲೆ ಒಡ್ಡಬೇಕು, ಮಾವನವರೂ ಸೈತ. ಅತ್ತೆಗೆ ಮಾತ್ರ ಯಾರೂ ಹಚ್ಚುವ ಹಾಗಿಲ್ಲ. ಎಲ್ಲರಿಗಿಂತ ಮೊದಲು ಬಚ್ಚಲಿನ ಬಾಗಿಲು ಹಾಕಿಕೊಂಡು ತಾವೇ ಮುಗಿಸಿರುತ್ತಾರೆ. ನಮ್ಮತ್ತೆ ಕೆಂಚವ್ವನ ಗತ್ತು ಅದು! ಹೋದ ವರ್ಷ "ಹೊರಗ ಆಗೇನ್ರಿ" ಎಂದು ತಪ್ಪಿಸಿಕೊಂಡೆ. ಈ ವರ್ಷ?

ಅಕ್ಟೋಬರ್ 16, ಗುರುವಾರ. ಮಧ್ಯಾಹ್ನ 3

ರಸ್ತೆ ಕಡೆಯ ತೋಟಕ್ಕೆ ಇವತ್ತು ಪೇಸ್ಟಿಂಗ್. ಔಷಧ ಕಲಸಿ ಕೊಡುವುದು ನನ್ನ ಕೆಲಸ. ಅದಕ್ಕೆ ಕೆಂಪು ಬಣ್ಣ ಬೆರೆಸುತ್ತೇವೆ, ಯಾವ ಕಣ್ಣಿಗೆ ಹಚ್ಚಿದ್ದಾಯಿತು, ಯಾವುದು ಉಳಿಯಿತು ಗೊತ್ತಾಗಲಿ ಎಂದು. ಬೆಳಿಗ್ಗೆ ಆಳು ಹೆಣ್ಣುಮಗಳು ಸುಂದರಾ ಗ್ಲೌಸ್ ಇಲ್ಲದೆ ಬಕೆಟ್ಟಿಗೆ ಕೈ ಹಾಕಿದ್ದಕ್ಕೆ ಕಿರುಚಿದೆ, "ಚರ್ಮ ಸುಲದ ಬರ್ತೈತಿ! ವರ್ಷಾ ವರ್ಷಾ ಹೇಳಬೇಕೇನ ನಿನಗ?"

ಊಟದ ಹೊತ್ತು. ಆಳುಗಳೆಲ್ಲ ಬೇವಿನ ಮರದ ಕೆಳಗೆ. ಶೆಡ್ಡಿನಲ್ಲಿ ನಾನೊಬ್ಬಳೇ, ಬಕೆಟ್ಟು, ಬ್ರಶ್ಶು.

ಬಹಳ ನೀರು ಬೆರೆಸಿದೆ. ಅದೇ ನನ್ನ ಜಾಣತನ. ಬೈತಲೆಗುಂಟ ಒಂದು ಗೆರೆ ಎಳೆದೆ. ಆಮೇಲೆ ಇನ್ನೊಂದು. ಒಣ ಕಟ್ಟಿಗೆಗೇ ಬರುತ್ತದೆ, ನನಗೆ ಬರಬಾರದೇ? ಕೈಗೆ ಗ್ಲೌಸ್ ಹಾಕಿಕೊಂಡಿದ್ದೆ. ಕೈಗೆ!

ಅದೇ ದಿನ, ಸಂಜೆ

ಕೆಂಡದ ಸಿಂಬೆ ಹೊತ್ತ ಹಾಗಿದೆ. ಡ್ರಿಪ್ಪಿನ ನಳದ ಕೆಳಗೆ ತಲೆ ಹಿಡಿದು ಹಿಡಿದು ಕುತ್ತಿಗೆ ಸೆಟೆದಿದೆ. ಉರಿ ಹೋಗಿಲ್ಲ, ಬಣ್ಣವೂ ಹೋಗಿಲ್ಲ. ಮನೆಗೆ ಹೊರಡುವಾಗ ಸುಂದರಾ ಹತ್ತಿರ ಬಂದು ಮೆಲ್ಲಗೆ, "ವೈನಿ, ಕಿವಿ ಹಿಂದ ಬಣ್ಣ ಹತ್ತೈತ್ರಿ" ಅಂದಳು.

"ಸಿಡಿದಿರಬೇಕ."

ಅವಳು ಬೆಳಿಗ್ಗಿನ ಬೈಗುಳ ನೆನಪಿಸಲಿಲ್ಲ. ಒರೆಸಿಕೊಳ್ಳಲು ಒದ್ದೆ ಪಾವಡ ಕೊಟ್ಟು ಹೋದಳು.

ಅಕ್ಟೋಬರ್ 19, ರವಿವಾರ

ಬರೆಯಲಾಗಿರಲಿಲ್ಲ. ಬೊಬ್ಬೆ ಎದ್ದು ಒಡೆದಿವೆ. ಉಳಿದಿದ್ದ ಕೂದಲೂ ಅಂಟಿಕೊಂಡು ಕಿತ್ತು ಬರುತ್ತಿದೆ. ದಿಂಬಿನ ಮೇಲೆ ಕೆಂಪು ಕಲೆ... ಅಮೋಲ ಕೇಳಿದ. ಕುಂಕುಮ ಚೆಲ್ಲಿತು ಅಂದೆ. ಗಂಗಾವನ ಕಟ್ಟುವುದು ಆಗದ ಮಾತು. ಸೆರಗಿನ ಭಾರವೂ ತಡೆಯುತ್ತಿಲ್ಲ.

ಇವತ್ತು ನೀರು ತುಂಬುವುದು. ಹಂಡೆ ತಿಕ್ಕಿ, ಹಿಂಡಲಕಾಯಿ ಬಳ್ಳಿ ಸುತ್ತಿದ್ದಾಯಿತು. ಅದೇ ಹೊತ್ತಿಗೆ ಬಾಯಿ ತೆಗೆದೆ, "ಅತ್ತಿ, ನಾ ನಾಳೆ ಎಣ್ಣಿಗೆ ಕೂಡಾಕ ಬರಾಂಗಿಲ್ರಿ, ಹೊರಗ—"

"ಹತ್ತ ದಿನದ ಹಿಂದ ಆಗಿ ಮುಗದೈತಿ. ನಾ ಏನ ಕುರುಡಿ ಅಲ್ಲ." ಹಂಡೆಗೆ ಸುಣ್ಣದ ಗೆರೆ ಎಳೆಯುತ್ತಲೇ ಅಂದರು. "ನಾಳೆ ಎಲ್ಲಾರಕಿಂತ ಮೊದಲ ನೀನ ಕೂಡ. ಗಂಡಸರು ಏಳೂದರೊಳಗ."

ತವರಿಗೆ ಓಡಿಹೋಗಲೇ? ಹಬ್ಬದ ಮುನ್ನಾದಿನ ಯಾವ ಸೊಸೆ ಓಡುತ್ತಾಳೆ.

ಅಕ್ಟೋಬರ್ 20, ಸೋಮವಾರ. ಬೆಳಿಗ್ಗೆ 8

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬಚ್ಚಲಲ್ಲಿ ದೀಪ. ಮಣೆ. ಬಟ್ಟಲಲ್ಲಿ ಬೆಚ್ಚಗಿನ ಎಣ್ಣೆ, ಪಕ್ಕದಲ್ಲಿ ಮೈಗೆ ತಿಕ್ಕುವ ಉಟಣಿ. ಬಾಗಿಲು ಮುಂದೆ ಮಾಡಿ ಕುಳಿತೆ. ಅತ್ತೆಯೇ ನನ್ನ ಸೆರಗು ಸರಿಸಿದರು.

ಬಯ್ಯುತ್ತಾರೆ ಎಂದು ಕಾದೆ. ಆಮೇಲೆ ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟ ಸದ್ದು.

"ಪೇಸ್ಟ್ ಹಚ್ಚಿಕೊಂಡೀ?"

"ಹೂಂರಿ."

"ಎಣ್ಣಿ ಬ್ಯಾಡ ಇದಕ್ಕ. ಏಳ. ನೀ ಏಳ, ನಾ ಕೂಡ್ತೀನಿ."

ಎದ್ದೆ. ಅತ್ತೆ ನನ್ನ ಜಾಗದಲ್ಲಿ, ನನಗೆ ಬೆನ್ನು ಮಾಡಿ ಕುಳಿತರು. ಎರಡೂ ಕೈಯಿಂದ ಸೆರಗು ಇಳಿಸಿದರು. ನೆತ್ತಿಯ ನಡುವೆ ಅಂಗೈ ಅಗಲದ ಗಾಯದ ಕಲೆ, ಒಂದೆಳೆ ಕೂದಲಿಲ್ಲ. ಸುತ್ತ ನಾಲ್ಕು ಬಿಳಿ ಕೂದಲು ಎಳೆದು ಕಟ್ಟಿದ ಗಂಟು, ಅದಕ್ಕೆ ಗಂಗಾವನದ ತುಂಡು.

"ನಿಂದು ಪೇಸ್ಟ್. ನಂದು ಬಿಬ್ಬಿ."

ಬಿಬ್ಬಿ — ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ. ಅದರ ಎಣ್ಣೆ ಮುಟ್ಟಿದಲ್ಲಿ ಹುಣ್ಣು.

"ಯಾವಾಗ್ರಿ?"

"ಅಮೋಲ ಹುಟ್ಟೂಕಿಂತ ಮೊದಲ. ಕೂದಲ ಬರ್ತಾವಂತ ಯಾರೋ ಹೇಳಿದ್ರು."

"ಮಾವಾರಿಗೆ..."

"ಇವತ್ತಿಗೂ ಗೊತ್ತಿಲ್ಲ."

ಹೆಮ್ಮೆಯಿಂದ ಅಂದರೋ, ಸೋತು ಅಂದರೋ. ಬೊಬ್ಬೆ ಎದ್ದಾಗ ಆಗದ ಹೆದರಿಕೆ ಆಗ ಆಯಿತು. ಇಷ್ಟು ವರ್ಷ, ಒಂದೇ ಮನೆ, ಒಂದೇ ಕೋಣೆ! ನಾನೂ ಹೀಗೇ ಮುದುಕಿ ಆಗುವುದೇ? ಬಾಗಿಲು ಹಾಕಿಕೊಂಡು, ಒಬ್ಬಳೇ?

"ಹಚ್ಚ ಯವ್ವಾ. ಯಾರೂ ಹಚ್ಚಿಲ್ಲ ನನಗ."

ಹಚ್ಚಿದೆ. ಆ ಕಲೆಯ ಮೇಲೆ ಚರ್ಮ ಬಹಳ ತೆಳು. ಅತ್ತೆ ಕಣ್ಣು ಮುಚ್ಚಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಆಗ ಅಮೋಲನ ಚಪ್ಪಲಿ ಸದ್ದು. "ಅವ್ವಾ, ನಂದ ಪಾಳಿ ಬಂತೇನ?" ಬಾಗಿಲು ಬರೀ ಮುಂದೆ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ಅತ್ತೆಯ ಸೆರಗು ಕಣ್ಣು ಮಿಟುಕಿಸುವಷ್ಟರಲ್ಲಿ ತಲೆ ಮೇಲೆ. "ಹೊದ್ದುಕೋ, ಹೊದ್ದುಕೋ!" ಎಂದು ಪಿಸುಗುಟ್ಟಿದರು.

ನನ್ನ ಕೈಯೂ ಸೆರಗಿಗೆ ಹೋಯಿತು. ಎಣ್ಣೆ ಕೈ. ಹಿಡಿದೆ. ಹಿಡಿದು, ಬಿಟ್ಟೆ. ಹೆಗಲ ಮೇಲೇ ಇರಲಿ ಅಂತ ಬಿಟ್ಟೆ.

ಬಾಗಿಲು ತೆರೆಯಿತು. ಅಮೋಲ ನನ್ನ ಮುಖ ನೋಡಿದ, ಆಮೇಲೆ ತಲೆ. ದ್ರಾಕ್ಷಿ ಬೆಳೆದವನಿಗೆ ಆ ಬಣ್ಣ ಯಾವುದೆಂದು ಹೇಳಬೇಕೇ.

"ಉಜ್ವಲಾ... ಇದನ್ನ ಯಾರ ಹಚ್ಚಿದ್ರ ನಿನಗ?"

"ನಾನ ಹಚ್ಚಿಕೊಂಡ್ನಿ."

ಬಚ್ಚಲ ಕಲ್ಲಿನ ಮೇಲೆ ಹಾಗೇ ಕುಕ್ಕರಿಸಿ ಕುಳಿತ, ಒದ್ದೆ ಅನ್ನುವುದನ್ನೂ ನೋಡದೆ. ಯಾಕೆ ಅನ್ನಲಿಲ್ಲ. ಯಾವಾಗಿನಿಂದ ಅಂದ. ಹೇಳತೊಡಗಿದೆ. ಜ್ವರದಿಂದ ಹಿಡಿದು, ಗಂಗಾವನ, ಉಳ್ಳಾಗಡ್ಡಿ, ಕಾಗವಾಡದ ರಸ್ತೆ, ಎಲ್ಲ. ಅತ್ತೆ ಹೊರಗೆ ಹೋಗಲಿಲ್ಲ. ಮಣೆಯ ಮೇಲೇ ಕುಳಿತು ಕೇಳುತ್ತಿದ್ದರು. ನಾನು ಮುಗಿಸುವ ಮೊದಲೇ ಅವರ ಕೈ ಮೆಲ್ಲಗೆ ತಮ್ಮ ಸೆರಗಿನ ಕಡೆ ಹೋಯಿತು; ಮಗನ ಎದುರಿಗೇ ಅದನ್ನು ಹೆಗಲಿಗೆ ಇಳಿಸಿದರು.