ಕ್ಯಾಮೆರಾಕ್ಕೆ ಹೊಚ್ಚಿದ ಕಂಬಳಿ

೩ ಡಿಸೆಂಬರ್, ಮಂಗಳವಾರ

ಕುರಿ ರಸ್ತೆ ದಾಟಿಸುತ್ತಿದ್ದೆ. ಹೊಸ ಇಂಜಿನಿಯರ್ ತಡೆದು, ಯಾರ ಕುರಿ ಅಂದ. ಹೇಳಿದೆ — ಮೀರಾಬಾಯಿ. ಮ್ಯಾಟ್ರಿಕ್ ಪಾಸ್. ಗಂಡ ತೀರಿದ ಮೇಲೆ ಹೊಲ, ಹಟ್ಟಿ, ಮನೆ ನಡೆಯುವುದು ನನ್ನ ಮಾತಿನಲ್ಲಿ. ಊರಲ್ಲಿ ನ್ಯಾಯ ಕೂಡಿದರೆ ಮೊದಲು ಕರೆ ಬರುವುದು ನನಗೆ. ಪಕ್ಕಕ್ಕೆ ಸರಿದ.

ಕ್ರಾಸಿನಲ್ಲಿ ಫ್ಲೈಓವರ್ ಕೆಲಸ. ಪಕ್ಕದ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿಗಿಂತ ಜೋರು ಹೋಗುವಂತಿಲ್ಲ. ಕಂಬದ ಮೇಲೆ ಜೋರು ಹೋದವರಿಗೆ ದಂಡ ಹಾಕುವ ಕ್ಯಾಮೆರಾ. ಕೆಂಪು ಬಾವುಟ ಹಿಡಿಯುವ ಕೆಲಸ ನಮ್ಮ ಓಣಿಯ ಸರಿತಾಳದು. ನಕ್ಕಳು. “ಆಯಿ, ನಿಮ್ಮ ಕುರಿ ನನ್ನ ಮಾತ ಕೇಳತಾವ. ನಿಮ್ಮ ಮಗಾ ಕೇಳಂಗಿಲ್ಲ.”

ಮಗ ದಿಲೀಪ. ಬಸವಕಲ್ಯಾಣ–ಹುಮನಾಬಾದ ನಡುವೆ ಬಾಡಿಗೆ ಜೀಪು, ಕ್ರೂಸರ್ ಓಡಿಸುತ್ತಾನೆ. ಕ್ಯಾಮೆರಾದಿಂದ ಟ್ರಿಪ್ ಕಡಿಮೆಯಾಯಿತು ಎಂದು ಊಟದ ಮುಂದೆ ಕೂತು ಬೈದ. ಸಾವಕಾಶ ಹೋಗು ಅಂದೆ. ತಾಟು ಸರಿಸಿ ಎದ್ದ.

೬ ಡಿಸೆಂಬರ್, ಶುಕ್ರವಾರ

ದಿಲೀಪ ಖುಷಿಯಲ್ಲಿದ್ದಾನೆ. ಗಯಾಸುದ್ದೀನನ ಚಹಾ ಅಂಗಡಿಯಲ್ಲಿ ಕ್ರೂಸರ್ ಡ್ರೈವರುಗಳೆಲ್ಲ ನಗುತ್ತಿದ್ದರು. ನಾನು ಹೋದ ಕೂಡಲೇ ಮಾತು ಬದಲಿಸಿದರು.

ದೇವರ ಮೂಲೆಯಲ್ಲಿ ನಮ್ಮ ಮನೆದೇವರು ಮೈಲಾರನ ಕಂಬಳಿ ಇಲ್ಲ. ಸೊಸೆ ಕಾಜಲಳನ್ನು ಕೇಳಿದೆ. ಬಿಸಿಲಿಗೆ ಹಾಕಿರಬೇಕು ಅಂದಳು. ಹಾಕಿದವರು ಯಾರು...

೯ ಡಿಸೆಂಬರ್, ಸೋಮವಾರ, ಮಧ್ಯಾಹ್ನ

ಸರಿತಾ ಹೋದಳು.

ಟ್ರಕ್ ಬ್ಯಾರಿಕೇಡ್ ಮುರಿದು ಬಂದು, ಅವಳನ್ನು ಕಾಂಕ್ರೀಟ್ ಗೋಡೆಯತನಕ ಎಳೆದುಕೊಂಡು ಹೋಗಿತ್ತು. ನಾನು ಓಡಿ ಮುಟ್ಟುವಷ್ಟರಲ್ಲಿ ಡ್ರೈವರನನ್ನು ಕ್ಯಾಬಿನ್‌ನಿಂದ ಎಳೆದು ಕೆಡವಿದ್ದರು. ಪಂಡರಿ ಎಂಬವನು, ಗಡಿಯಾಚೆಯ ಉಮರಗಾದವನು. ಎಲ್ಲರಿಗಿಂತ ಮುಂದೆ ದಿಲೀಪ. ಕೈಯಲ್ಲಿ ಜಾಕ್ ರಾಡು. ಮೊಣಕಾಲಿಗೆ ಒಂದು. ಬಾಯಿಗೆ ಒಂದು. ಹಲ್ಲು ಡಾಂಬರಿನ ಮೇಲೆ ಬಿದ್ದವು. ಮತ್ತೆ ಎತ್ತಿದ. ನಾನು ಅಡ್ಡ ಬಿದ್ದೆ. ರಾಡು ನನ್ನ ತಲೆಯ ಮೇಲೆ ನಿಂತಿತು.

ಪಂಡರಿ ರಕ್ತ ಉಗುಳಿ ನನಗಷ್ಟೇ ಕೇಳುವಂತೆ ಹೇಳಿದ. “ಮಾವಶಿ, ಕ್ಯಾಮೆರಾ ಮುಚ್ಚಿತ್ತು... ಎಲ್ಲಾ ಗಾಡಿ ಜೋರು ಹೊಂಟಿದ್ದವು. ನಾನೂ ಹೊಂಟೆ.”

ಕಂಬ ನೋಡಿದೆ. ಹಗ್ಗ ಜೋತಾಡುತ್ತಿತ್ತು. ಕ್ಯಾಮೆರಾಕ್ಕೆ ಮುಚ್ಚಿದ್ದನ್ನು ಯಾರೋ ಕಿತ್ತು ತಂದು ಸರಿತಾಳಿಗೆ ಹೊಚ್ಚಿದ್ದರು. ಮುಖ ನೋಡಲೆಂದು ಅಂಚು ಎತ್ತಿದೆ. ನಾನೇ ಹಾಕಿದ ಕೆಂಪು ಹೊಲಿಗೆ. ಭಂಡಾರದ ಅರಿಶಿನ ಕಲೆ. ನಮ್ಮ ದೇವರ ಕಂಬಳಿ.

ಅದೇ ದಿನ, ಸಂಜೆ

ಅಂಗಳದಲ್ಲಿ ಇನ್ನೊಂದು ಕಂಬಳಿ ಹಾಸಿದೆ. ಭಂಡಾರ ಚೆಲ್ಲಿದೆ. ಕಂಬಳಿಯ ಮೇಲೆ ಕೂತು ನಮ್ಮವರು ಸುಳ್ಳು ಹೇಳುವುದಿಲ್ಲ. ದಿಲೀಪ ನಿಂತೇ ಹೇಳುತ್ತೇನೆ ಅಂದ.

“ಕುಂದರು.”

ಕೂತ. “ನಾ ಒಬ್ಬಾವ ಅಲ್ಲವ್ವಾ. ಎಲ್ಲಾ ಡ್ರೈವರ್ ಕೂಡಿ ಮಾಡಿದ್ದು.”

“ಕ್ಯಾಮೆರಾಕ್ಕೆ ಹೊಚ್ಚಿದ ಕೈ ಯಾರದು?”

ಕಂಬಳಿಯ ಅಂಚು ಹಿಡಿದು ಅಂದ — “ನಂದು.”

ಕುರಿ ಕಾಯುವ ಕೋಲು ತಗೊಂಡೆ. ಬೆನ್ನು, ತೋಳು, ಕಿವಿ. ಕೋಲು ಮುರಿಯಿತು. ತುಂಡಿನಿಂದ ಹೊಡೆದೆ. ಕಾಜಲ ನನ್ನ ಮುಂಗೈ ಕಚ್ಚಿ ಬಿಡಿಸಿದಳು.

ಮೈದುನ ಕಲ್ಲಿನಾಥ ಬಂದ. ಮುಂಜಾನೆ ದಿಲೀಪನನ್ನು ಕುರಿಯ ಹಿಂದೆ ಹುಲಸೂರ ಕಡೆ ಕಳಿಸೋಣ, ರಾಜ್ಯದ ಗಡಿ ದಾಟಿಬಿಡಲಿ ಅಂದ. “ವೈನಿ, ಡ್ರೈವರ್ ಸಿಕ್ಕಾನ. ಊರಿಗೆ ಅಷ್ಟ ಸಾಕು. ಇವ ನಮ್ಮ ರಕ್ತ.”

“ರಸ್ತೆ ಮ್ಯಾಲೆ ಬಿದ್ದದ್ದು ಏನು? ನೀರಾ?”

೧೦ ಡಿಸೆಂಬರ್, ಮಂಗಳವಾರ

ಮುಂಜಾನೆ ದಿಲೀಪ ರುಮಾಲು ಸುತ್ತಿ, ಕುರಿ ಹೊಡೆದುಕೊಂಡು ಹೋದ. ತಡೆಯಲಿಲ್ಲ. ಕಾಜಲ ಬುತ್ತಿ ಕಟ್ಟಿದಳು. ಕುರಿಯ ಹಿಂದೆ ಹೋದವನು ದೂರ ಹೋಗಲಾರ.

ಬಸ್ ಹತ್ತಿ ಠಾಣೆಗೆ ಹೋದೆ. ಕಂಬಳಿಯದು ಹೇಳಿದೆ. ರಾಡಿನದು ಹೇಳಿದೆ. ಯಾವ ದಾರಿ, ಯಾವ ಹಳ್ಳದಲ್ಲಿ ಕುರಿ ನೀರು ಕುಡಿಯುತ್ತವೆ, ಅದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ, ತಾಯಿನೇ ಸಾಕ್ಷಿ ಹೇಳೋದಾ ಅಂದ.

“ತಾಯಿ ಅಂತ ಬರ್ಕೋಬ್ಯಾಡ್ರಿ. ಕಂಡಾಕಿ ಅಂತ ಬರ್ಕೋರಿ.”

ಮಧ್ಯಾಹ್ನದ ಒಳಗೆ ಹಿಡಿದು ತಂದರು. ನನ್ನ ಮುಂದೆಯೇ ಒಳಗೆ ಹಾಕಿದರು. ದಿಲೀಪ ನನ್ನ ಮುಖದ ಮೇಲೆ ಉಗುಳಿದ. ಸೆರಗಿನಿಂದ ಒರೆಸಿಕೊಂಡೆ. ಕುರಿ ಎಲ್ಲಿ ಬಿಟ್ಟೆ ಅಂತ ಕೇಳಿದೆ.

ಈಗ ಮನೆ. ಕಾಜಲ ಒಲೆ ಹಚ್ಚಿಲ್ಲ. ಬಾಗಿಲಿಗೆ ಕಲ್ಲು ಬೀಳುತ್ತಿವೆ — ಕ್ರೂಸರಿನವರು. ಕಲ್ಲಿನಾಥನ ದನಿಯೂ ಇದೆ. ಹೇಳಿಕೆ ತಿರುಗಿಸು ಅನ್ನುತ್ತಿದ್ದಾರೆ. ಓದಿ ನೋಡಿ ಸಹಿ ಮಾಡಿ ಬಂದಿದ್ದೇನೆ. ಕಿಟಕಿ ಒಡೆಯಿತು. ಎದ್ದು ಬಾಗಿಲು ತೆಗೆದು ಅವರಿಗೂ ಅದನ್ನೇ ಹೇಳುತ್ತೇನೆ: ಕಂಡದ್ದನ್ನು ತಿರುಗಿಸುವುದಿಲ್ಲ.