ಕೊನೆಯ ಭಾಗ ಮತ್ತು ಊಟದ ಹೊತ್ತು

ಹಳೇಬೀಡು
16-2-1983, ಬುಧವಾರ

ಶ್ರೀ ಅಜಿತಪ್ರಸಾದ ಅವರಿಗೆ,

ಜಯ ಜಿನೇಂದ್ರ. ಗಂಡನಿಗೆ ಬರೆಯುವಾಗ ಮೊದಲು ‘ಪ್ರಿಯ’ ಎಂದು ಬರೆಯುತ್ತಿದ್ದೆ. ಈ ಸಲ ಕೈ ಏಳಲಿಲ್ಲ.

ನಿಮ್ಮ ಲೇಖನ ಭಾನುವಾರದ ಪುರವಣಿಯಲ್ಲಿ ಅಚ್ಚಾಗಿದೆ. ತಿಳಿಸಿದವರು ಪಕ್ಕದ ಮನೆಯ ಜಾನಕಮ್ಮ ಮೇಡಂ. ಪೇಪರ್ ಹಿಡಿದು ನಮ್ಮ ಜಗಲಿಗೇ ಬಂದು ಅಪ್ಪಾಜಿಯ ಮುಂದೆ ಗಟ್ಟಿಯಾಗಿ ಓದಿದರು. ನಾಲ್ಕು ಭಾಗಗಳ, ಚೈಕೋವ್ಸ್ಕಿಯ ಆರನೆಯ ಸಿಂಫನಿ, ನಮ್ಮ ಮನೆಯಲ್ಲಿದ್ದ ಅದರ ಎರಡು ಗ್ರಾಮಫೋನ್ ಪ್ಲೇಟುಗಳು, ಯಾವುದು ಮೇಲು ಎಂಬ ಚರ್ಚೆ. ನಡುವೆ ಈ ಸಾಲು: “ನಮ್ಮ ಮನೆಯಾಕೆಗೆ ಮೂರನೆಯ ಭಾಗದ ಅಬ್ಬರವೇ ಮುಕ್ತಾಯ. ಅದು ನಿಂತೊಡನೆ ಎಲ್ಲ ಮುಗಿಯಿತೆಂದು ಸೆರಗು ಕೊಡವಿ ಏಳುತ್ತಾಳೆ.”

ಅಪ್ಪಾಜಿ ನಕ್ಕರು. “ಅಂತೂ ನೀನೂ ಪೇಪರ್‌ನಲ್ಲಿ ಬಂದೆ ಬಿಡಮ್ಮ” ಎಂದರು. ನಾನು ಬಂದಿಲ್ಲ. ಲೇಖನದಲ್ಲಿ ಚಂದ್ರಪ್ರಭಾ ಎಂಬ ಹೆಸರು ಎಲ್ಲಿಯೂ ಇಲ್ಲ. ನನ್ನ ಮಾತುಗಳು ಮಾತ್ರ ಇವೆ. ಮೊದಲ ಭಾಗದ ಆರಂಭದ ಬಸೂನ್ ವಾದ್ಯ, ಕೆಟ್ಟ ಸುದ್ದಿ ಹೇಳಲು ಬಂದವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ ಹಾಗಿದೆ ಎಂದದ್ದು ನಾನು, ಅವರೆಕಾಳು ಹಿಸುಕುತ್ತ. ಎರಡನೆಯ ಭಾಗ ಐದರ ಎಣಿಕೆಯದು ಎಂದು ಖಂಡಛಾಪು ತಾಳ ಹಾಕಿ ತೋರಿಸಿದ್ದೂ ನಾನೇ. ರಷ್ಯದ ಪ್ಲೇಟಿನಲ್ಲಿ ಆ ಐದು ಸಲೀಸಾಗಿ ನಡೆಯುತ್ತದೆ, ಎಸ್ಟೇಟಿನ ಸಾಹೇಬರು ಕೊಟ್ಟದ್ದರಲ್ಲಿ ಸ್ವಲ್ಪ ಕುಂಟುತ್ತದೆ ಎಂದೆ. ಆಗ ನೀವು ಒಪ್ಪಲಿಲ್ಲ. ಈಗ ಅದು ನಿಮ್ಮ ಹೆಸರಿನಲ್ಲಿ ಅಚ್ಚಾಗಿದೆ.

ನಾನು ಏಕೆ ಏಳುತ್ತಿದ್ದೆ ಎಂಬುದನ್ನು ನೀವು ಬರೆದಿಲ್ಲ. ನೀವು ಕಾಲೇಜಿನಿಂದ ಬಂದು, ಮುಖ ತೊಳೆದು, ಪ್ಲೇಟು ಹಾಕುವ ಹೊತ್ತಿಗೆ ಐದೂವರೆ. ಮೂರನೆಯ ಭಾಗ ಮುಗಿಯುವಾಗ ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಹೋಗಿರುತ್ತಿತ್ತು. ಹೊತ್ತು ಮುಳುಗುವುದರೊಳಗೆ ನಿಮಗೂ ಅತ್ತೆಯವರಿಗೂ ಬಡಿಸಿ, ನಾನೂ ಉಂಡು ಮುಗಿಸಬೇಕು. ನಮ್ಮಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂಬುದು ಪೇಪರ್ ಓದುವ ಎಲ್ಲರಿಗೂ ಗೊತ್ತಿರಬೇಕಾಗಿಲ್ಲ, ನಿಮಗೆ ಗೊತ್ತು. ಅರ್ಧ ಗಂಟೆ ಮೊದಲೇ ಉಣ್ಣೋಣ ಎಂದು ಕೇಳಿದಾಗಲೆಲ್ಲ ಅಮ್ಮನಿಗೆ ಆಗುವುದಿಲ್ಲ ಎಂದಿರಿ. ಮದುವೆಯಾಗಿ ಒಂಬತ್ತು ವರ್ಷ. ಆ ಮನೆಯಲ್ಲಿ ಕೊನೆಯ ಭಾಗ ನನ್ನ ಕಿವಿಗೆ ಬಿದ್ದದ್ದು ಒಲೆಗೂ ಎಲೆಗೂ ನಡುವೆ ಓಡಾಡುವಾಗ, ತುಂಡು ತುಂಡಾಗಿ.

ಸಂಕ್ರಾಂತಿಗೆ ಬರುವಾಗ ಎರಡೂ ಪ್ಲೇಟುಗಳನ್ನು ಸೀರೆಗಳ ನಡುವೆ ಇಟ್ಟು ತಂದೆ. ಬಿಕ್ಕೋಡಿನ ಎಸ್ಟೇಟಿನ ಸಾಹೇಬರು ಊರು ಬಿಡುವಾಗ ಅಪ್ಪಾಜಿಗೆ ಕೊಟ್ಟುಹೋದದ್ದು ಒಂದು. ರಷ್ಯನ್ ಪುಸ್ತಕದ ವ್ಯಾನು ಬಂದಾಗ ನಾನೇ ಆರಿಸಿಕೊಂಡದ್ದು ಇನ್ನೊಂದು. ಇಲ್ಲಿ ಬೇಗ ಉಂಡು ಜಾನಕಮ್ಮನವರ ಮನೆಯಲ್ಲಿ ಹಾಕಿಸಿದೆ. ಕೊನೆಯ ಭಾಗವನ್ನು ಕೂತು ಕೇಳಿದೆ. ಎಸ್ಟೇಟಿನ ಪ್ಲೇಟಿನಲ್ಲಿ ಪಿಟೀಲುಗಳು ನಾಲ್ಕು ಜನಕ್ಕೆ ಕೇಳಲಿ ಎಂಬಂತೆ ಅಳುತ್ತವೆ. ರಷ್ಯದ್ದರಲ್ಲಿ ಅಷ್ಟು ಅಳು ಇಲ್ಲ. ಕೊನೆಗೆ ಯಾರೋ ಜಾಗಟೆಯನ್ನು ಒಂದೇ ಸಲ, ಮೆಲ್ಲಗೆ ಮುಟ್ಟುತ್ತಾರೆ. ಆಮೇಲೆ ಕೆಳಗಿನ ತಂತಿಗಳು ಒಂದೊಂದೇ ಕೈಬಿಡುತ್ತವೆ. ಜಾನಕಮ್ಮ ಮುಳ್ಳನ್ನು ಎತ್ತಿಟ್ಟು, “ಏನ್ ಚಂದ್ರಮ್ಮ ಇದು, ತಿಥಿ ಮುಗ್ಸಿ ನೆಂಟರೆಲ್ಲ ಹೋದ್ಮೇಲೆ ಮನೆ ಹೆಂಗಿರ್ತೈತೋ ಹಂಗೈತಲ್ಲ” ಎಂದರು.

ನಿಮ್ಮ ಲೇಖನ ಹೇಳುವುದು: “ಕೊನೆಯ ಭಾಗದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.” ಇರುವುದಿಲ್ಲ. ಆಗ ನೀವು ಹಪ್ಪಳ ಮುರಿಯುತ್ತಿದ್ದಿರಿ. ಲೇಖನದಲ್ಲಿ ನಿಮ್ಮ ಸ್ವಂತದ್ದು ಅದೊಂದೇ ವಾಕ್ಯ.

ಇನ್ನೊಂದು ಸಿಟ್ಟಿದೆ. ಇಷ್ಟು ವರ್ಷ, ಎರಡನೆಯ ಭಾಗವೊಂದು ಬಿಟ್ಟರೆ ಎಸ್ಟೇಟಿನ ಪ್ಲೇಟೇ ಮೇಲು ಎಂದು ನಿಮ್ಮೊಡನೆ ವಾದಿಸಿದ್ದೆ. ಕೊನೆಯವರೆಗೆ ಕೇಳಿದ ಮೇಲೆ ಹಾಗೆ ಹೇಳಲಾರೆ. ಕೇಳಲು ಬಿಟ್ಟಿದ್ದರೆ ಒಂಬತ್ತು ವರ್ಷದ ಹಿಂದೆಯೇ ಗೊತ್ತಾಗುತ್ತಿತ್ತು.

ಅರಸೀಕೆರೆ ಬಸ್ಸಿನ ಕಂಡಕ್ಟರ್ ಮರಿಯಣ್ಣನ ಕೈಲಿ ನೀವು ಹೇಳಿ ಕಳಿಸಿದ್ದು ಸೋಮವಾರ ತಲುಪಿತು. 27ನೇ ತಾರೀಖು ಭಾನುವಾರ ಓದುಗರ ಬಳಗದಲ್ಲಿ ನಿಮ್ಮ ಭಾಷಣವಿದೆ, ಎರಡೂ ಪ್ಲೇಟು ಹಾಕಿ ತೋರಿಸಬೇಕು, ಬಸ್ಸಿನಲ್ಲಿ ಕಳಿಸು ಎಂದು. ಸಂಕ್ರಾಂತಿಗೆ ಹೋದ ಹೆಂಡತಿ ಒಂದು ತಿಂಗಳಾದರೂ ಏಕೆ ಬಂದಿಲ್ಲ ಎಂದು ಕೇಳಿಲ್ಲ.

ಪ್ಲೇಟುಗಳನ್ನು ಕಳಿಸುವುದಿಲ್ಲ, ನಾನೇ ತರುತ್ತೇನೆ. ಸಭೆಯಲ್ಲಿ ಹಾಕುವವಳು ನಾನು. ಕೊನೆಯ ಭಾಗದ ಬಗ್ಗೆ ಮಾತಾಡುವವಳೂ ನಾನು, ನನ್ನ ಹೆಸರು ಹೇಳಿಕೊಂಡು. ಇದಕ್ಕೆ ಒಪ್ಪಿದರೆ ಸಭೆ ಮುಗಿದ ಮೇಲೆ ಮನೆಗೆ ಬರುತ್ತೇನೆ. ಒಪ್ಪದಿದ್ದರೆ ಈಗಲೇ ಬರೆದು ತಿಳಿಸಿ. ಪ್ಲೇಟುಗಳು ಹಳೇಬೀಡಿನಲ್ಲೇ ಇರುತ್ತವೆ, ನಾನೂ ಇಲ್ಲೇ ಇರುತ್ತೇನೆ.

ಚಂದ್ರಪ್ರಭಾ

ವಿ.ಸೂ.: ಬೇಗ ಉಣ್ಣಲು ಅಮ್ಮನಿಗೆ ಆಗುವುದಿಲ್ಲ ಎಂಬ ನಿಮ್ಮ ಮಾತು ನಿಜವೇ ಎಂದು ಅತ್ತೆಯವರನ್ನೇ ಕೇಳಿಬಿಡೋಣವೆಂದು ಮರಿಯಣ್ಣನ ಕೈಲಿ ಹೇಳಿ ಕಳಿಸಿದ್ದೆ. ಉತ್ತರ ಇಂದು ಬಂತು. ಮರಿಯಣ್ಣ ಒಪ್ಪಿಸಿದಂತೆಯೇ ಬರೆಯುತ್ತಿದ್ದೇನೆ: “ನಾಲ್ಕೂವರೆಗೇ ಉಣ್ತೀನಿ ಕಣೋ ಅಂತ ಎಷ್ಟು ಸಲ ಅಂದಿದೀನಿ. ಹಾಡು ಕೇಳ್ಕೊಂಡು ಬಿಸಿಬಿಸಿ ಉಣ್ಬೇಕು ಅಂದೋನು ಅವನು.” ಅತ್ತೆಯವರೂ ಸಭೆಗೆ ಬರುತ್ತಾರೆ. 27ರಂದು ಅವರ ಊಟ ನಾಲ್ಕೂವರೆಗೆ. ಬಡಿಸುವವರು ನೀವು. ಸಭೆ ಐದಕ್ಕೆ.