ಹಿಂದುಳಿದ ಪ್ರಭಾವಳಿ

ಮಾರ್ಚ್ 11, ಬೆಳಿಗ್ಗೆ

ತಾರ್ತುವಿನಿಂದ ಅದೇ ಬಸ್ಸು. ತೋರವೆರೆ ವೀಕ್ಷಣಾಲಯದ ಗುಮ್ಮಟದ ಮೇಲೆ ಇನ್ನೂ ಹಿಮ. ಬಂದವಳೇ, ಕಾಫಿಗೂ ಮೊದಲು ಕಂಪ್ಯೂಟರ್. ಲೆಕ್ಕ ಮುಗಿದಿತ್ತು.

ಗೆಲಾಕ್ಸಿಯ ಅಂಚಿನ ನಕ್ಷತ್ರಗಳು. ಉತ್ತರದವು ನಮ್ಮಿಂದ ದೂರ ಸರಿಯುತ್ತಿವೆ, ದಕ್ಷಿಣದವು ಹತ್ತಿರ ಬರುತ್ತಿವೆ. ಅಷ್ಟೂ ಮಾತಾಡಿಕೊಂಡು ಒಂದೇ ಕಡೆ ಓಡುತ್ತವೆಯೇ? ಇಲ್ಲ. ಓಡುತ್ತಿರುವುದು ನಾವು. ದಕ್ಷಿಣದ ನೆರೆ ಗೆಲಾಕ್ಸಿ, ಮೆಗೆಲನ್ ಮೋಡ, ಹಾದುಹೋಗುತ್ತ ನಮ್ಮ ಹಕ್ಕಿದಾರಿಯ (ಕ್ಷೀರಪಥಕ್ಕೆ ನಮ್ಮ ಕಡೆಯ ಹೆಸರು) ನಡುಭಾಗವನ್ನು ತನ್ನತ್ತ ಎಳೆದುಕೊಂಡಿದೆ. ಸುತ್ತಲೂ ಕಣ್ಣಿಗೆ ಕಾಣದ ಕಪ್ಪುದ್ರವ್ಯದ ಪ್ರಭಾವಳಿ — ಅದರ ಹೊರಭಾಗ ನಿಧಾನ. ಇನ್ನೂ ಹಿಂದೆಯೇ ಉಳಿದಿದೆ.

ಅನುಮಾನವಿಲ್ಲ. ಒಂದಿಷ್ಟೂ.

ಮಾರ್ಚ್ 12

ಹೆಲ್ದುರ್ ಮೇಷ್ಟ್ರಿಗೆ ತೋರಿಸಿದೆ. ನನಗೆ, ಅಂದರೆ ಈ ಲೇಲೋಗೆ, ಪಿಎಚ್‌ಡಿ ಮಾಡಿಸಿದವರು. ಕಪ್ಪುದ್ರವ್ಯ ಗುಂಡಗೆ, ಅಲ್ಲಾಡದೆ ಕೂತಿದೆ ಎಂಬ ಅವರ ಮಾದರಿಯನ್ನು ನಂಬಿಯೇ ನಾವೆಲ್ಲ ಬೆಳೆದದ್ದು. ಮೇ ತಿಂಗಳಲ್ಲಿ ಅವರಿಗೆ ಎಪ್ಪತ್ತೈದು. ಸಭೆ, ಸನ್ಮಾನ, ಅದೇ ಮಾದರಿಯ ಮೇಲೆ ಅವರ ಭಾಷಣ.

ಹೆರಿಂಗ್ ಮೀನಿಟ್ಟ ಕಪ್ಪು ಬ್ರೆಡ್ಡು ಅಗಿಯುತ್ತ ನೋಡಿದರು.

"ಲೇಲೋ, ಪಕ್ಕದ್ಮನೆ ಬೆಕ್ಕು ಬೇಲಿ ಹತ್ತಿದ್ರೆ ನಮ್ಮನೆ ಅಲ್ಲಾಡುತ್ತೇನೇ?"

"ಬೆಕ್ಕಲ್ಲ ಮೇಷ್ಟ್ರೇ, ಕರಡಿ. ಅದರ ತೂಕ ನೀವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ."

"ಇಷ್ಟು ವರ್ಷ ಕೂತಲ್ಲೇ ಕೂತಿತ್ತು. ನೀನು ಬಂದೆ, ಎದ್ದು ಓಡ್ತಂತೆ."

ಮುಖ ಗಂಟಾಗಿತ್ತು. ನಾನೂ ಬಿಡಲಿಲ್ಲ. "ನಾನು ನೋಡದ ನಕ್ಷತ್ರ ನೀವೇ ಆರಿಸಿ. ಅವುಗಳ ವೇಗ ಎಷ್ಟು ಬರುತ್ತೆ ಅಂತ ಈಗ್ಲೇ ಹೇಳ್ತೀನಿ. ಆಮೇಲೆ ಅಳೆಯೋಣ."

"ತಪ್ಪಿದ್ರೆ?"

"ತಪ್ಪಲ್ಲ."

ಮಾರ್ಚ್ 28

ಅವರು ಆರಿಸಿಕೊಟ್ಟ ನಕ್ಷತ್ರಗಳ ಅಳತೆ ಬಂತು. ದಿಕ್ಕು ಸರಿ, ಉತ್ತರ ದಕ್ಷಿಣ ಎರಡೂ. ವೇಗ ಮಾತ್ರ ನಾನು ಹೇಳಿದ್ದರಲ್ಲಿ ಅರ್ಧ.

"ಅರ್ಧ ಕರಗಿದೆ," ಎಂದರು. "ಇನ್ನರ್ಧಾನೂ ಕರಗುತ್ತೆ ಬಿಡು."

ಕರಗುವುದಿಲ್ಲ. ಎಲ್ಲೋ ನನ್ನದೇ ಎಡವಟ್ಟಿದೆ, ಆದರೆ ಓಟ ನಿಜ. ಹುಡುಕುತ್ತೇನೆ.

ಏಪ್ರಿಲ್ 14, ಭಾನುವಾರ

ಹುಡುಕಿದೆ, ಸಿಗಲಿಲ್ಲ. ಬರೆಯಲೂ ಮನಸ್ಸಾಗಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಹವಾಮಾನದ ಮಾತು... ಅದೂ ಕಷ್ಟಪಟ್ಟು.

ಇವತ್ತು ಮಧ್ಯಾಹ್ನ ಮನೆ ಬಾಗಿಲು ಬಡಿದ ಸದ್ದು. ಮೇಷ್ಟ್ರು! ಕೈಯಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನಿನ ಪೊಟ್ಟಣ. ಬೂಟು ಕೂಡ ಬಿಚ್ಚಲಿಲ್ಲ.

"ಧನುರಾಶಿಯ ಹೊಳೆ ತೆಗ್ದಿದ್ಯಾ?"

ಹೊಳೆ ಅಂದರೆ ನಕ್ಷತ್ರಗಳ ಹೊಳೆ. ನಮ್ಮ ಗೆಲಾಕ್ಸಿ ಹರಿದು ಚಿಂದಿ ಮಾಡಿದ ಒಂದು ಪುಟ್ಟ ಗೆಲಾಕ್ಸಿಯ ಅವಶೇಷ. ತನ್ನ ಪಾಡಿಗೆ ತಾನು ಹರಿಯುತ್ತದೆ. ಲೆಕ್ಕಕ್ಕೆ ಸೇರಿಸಬಾರದು.

"ತೆಗ್ದಿದ್ದೀನಿ ಮೇಷ್ಟ್ರೇ."

"ಪೂರ್ತಿ ತೆಗ್ದಿಲ್ಲ. ಬಾಲ ಒಳಗೇ ಇದೆ. ತೆಗಿ, ಏನುಳಿಯುತ್ತೆ ನೋಡೋಣ."

ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಬಾಲ ತೆಗೆದೆ. ಮತ್ತೆ ಲೆಕ್ಕ. ಮೀನು ಹಾಗೇ ಇತ್ತು, ಇಬ್ಬರೂ ಮುಟ್ಟಲಿಲ್ಲ. ವೇಗ ಇಳಿಯಿತು. ಇಳಿದು ಇಳಿದು ಅವರ ನಕ್ಷತ್ರಗಳ ವೇಗಕ್ಕೇ ಬಂದು ನಿಂತಿತು.

ಮೇಷ್ಟ್ರು ಕನ್ನಡಕ ತೆಗೆದರು.

"ಸೊನ್ನೆಯಾಗುತ್ತೆ ಅಂತ ಬಂದಿದ್ದೆ ಕಣೇ."

"ಗೊತ್ತು."

"ಅಂದ್ರೆ... ಹುಟ್ಟಿದಾಗಿಂದ ನಾನು ದಕ್ಷಿಣಕ್ಕೆ ಬೀಳ್ತಾನೇ ಇದ್ದೆ."

"ಎಲ್ಲರೂ ಬೀಳ್ತಿದ್ವಿ ಮೇಷ್ಟ್ರೇ."

ಆಮೇಲೆ ಬೂಟು ಬಿಚ್ಚಿದರು. ಮೀನು ಪೂರ್ತಿ ಅವರೇ ತಿಂದರು.

ಮೇ 17, ಸಂಜೆ. ಸಭಾಂಗಣದಲ್ಲೇ

ಮೊಣಕಾಲ ಮೇಲಿಟ್ಟುಕೊಂಡು ಗೀಚುತ್ತಿದ್ದೇನೆ. ಅಂದಿನಿಂದ ಅವರು ನನ್ನ ಲೆಕ್ಕದ ಬಗ್ಗೆ ತುಟಿ ಬಿಚ್ಚಿಲ್ಲ. ಇವತ್ತು ಏನು ಹೇಳುತ್ತಾರೋ! ಹೂವು, ಹಾಡು, ಅಪ್ಪುಗೆ ಎಲ್ಲ ಮುಗಿಯಿತು. ತೆರೆಯ ಮೇಲೆ ಅವರ ಹಳೆಯ ಚಿತ್ರ: ಗುಂಡನೆಯ ಪ್ರಭಾವಳಿ, ನಡುವೆ ನಾವು.

"ಇದನ್ನ ನಾನು ಬರೆದಾಗ ಕೂದಲು ಕಪ್ಪಿತ್ತು," ಎಂದರು. ನಗು. "ಗುಂಡಗಿದೆ. ಚೆನ್ನಾಗಿದೆ. ತಪ್ಪಾಗಿದೆ."

ನಗು ಅರ್ಧಕ್ಕೇ ನಿಂತಿತು.

"ನಾವು ನಡುವೆ ಇಲ್ಲ. ಜಾರಿದ್ದೀವಿ. ಅದನ್ನ ಸುಳ್ಳು ಮಾಡೋಕೆ ನನ್ನ ಕೈಲಾದ್ದೆಲ್ಲ ಮಾಡ್ದೆ, ಆಗ್ಲಿಲ್ಲ. ಲೇಲೋ, ಬಾ. ಉಳಿದಿದ್ದು ನೀನೇ ಹೇಳು."

ನನಗೆ ಮೊದಲೇ ತಿಳಿಸಿರಲಿಲ್ಲ, ಪುಣ್ಯಾತ್ಮ! ಸ್ಲೈಡ್ ಇಲ್ಲ, ಚೀಟಿ ಇಲ್ಲ. ಪರವಾಗಿಲ್ಲ, ಎಲ್ಲ ತಲೆಯಲ್ಲಿದೆ. ಎಲ್ಲರೂ ತಿರುಗಿ ನೋಡುತ್ತಿದ್ದಾರೆ. ಏಳಬೇಕು. ಮೊದಲ ಮಾತು —